ಎಷ್ಟ್ಸಲ

ಆ ಹಾಳೆಯನ್ನು ನಾನು ಎಸೆದಿಲ್ಲ. ಅಡುಗೆಮನೆಯ ಡ್ರಾಯರಿನಲ್ಲಿ, ಹಳೇ ಬ್ಯಾಟರಿ, ಬೀಗದ ಕೈ, ಕರೆಂಟ್ ಬಿಲ್ಲುಗಳ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಕೂತಿದೆ. ಗಂಡನಿಗೂ ತೋರಿಸಿಲ್ಲ. ತೋರಿಸಬಾರದು ಅಂತ ನಿರ್ಧಾರ ಮಾಡಿದೆ ಎಂದೇನಲ್ಲ. ತೋರಿಸುವ ಹೊತ್ತು ಬರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಎರಡು ವರ್ಷದ ಮೇಲಾಯಿತು.

2023ರ ಸೆಪ್ಟೆಂಬರ್. ಮಗಳಿಗೆ ಎಂಟು ವರ್ಷ, ಇಯರ್ ಫೋರ್‌ಗೆ ಆಗಷ್ಟೇ ಕಾಲಿಟ್ಟಿದ್ದಳು. ಇಲ್ಲಿ ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 26ನ್ನು ಯೂರೋಪಿನ ಭಾಷೆಗಳ ದಿನವೆಂದು ಶಾಲೆಗಳಲ್ಲಿ ಆಚರಿಸುತ್ತಾರೆ. ಹೆಸರಿನಲ್ಲಿ ಯೂರೋಪು ಇದ್ದರೂ ನಾವಿರುವ ಲೆಸ್ಟರಿನಂಥ ಊರಿನಲ್ಲಿ ಅದು ಗುಜರಾತಿ, ಪಂಜಾಬಿ, ಸೊಮಾಲಿ, ಪೋಲಿಷ್ ಎಲ್ಲಕ್ಕೂ ಸೇರಿದ ದಿನ. ಮನೆಯಲ್ಲಿ ಆಡುವ ಭಾಷೆಯಿಂದ ಹತ್ತು ಪದ ಬರೆದುಕೊಂಡು ಬನ್ನಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅರ್ಥ ಬರೆಯಿರಿ ಎಂದು ಅವಳ ಟೀಚರ್ ಹೇಳಿ ಕಳಿಸಿದ್ದರು. ನಾನು ಸಂಜೆ ನನ್ನ ಶಾಲೆಯಿಂದ ಬರುವಷ್ಟರಲ್ಲಿ ಅವಳು ಯಾರನ್ನೂ ಕೇಳದೆ ಬರೆದು ಮುಗಿಸಿದ್ದಳು. ಪೆನ್ಸಿಲ್ಲಿನ ದುಂಡು ಅಕ್ಷರ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ.

ಬೇಗ. ಬಾ. ಬೇಡ. ಸಾಕು. ಸುಮ್ನಿರು. ತಿನ್ನು. ಹಲ್ಲು. ಮಲ್ಕೋ. ಅಯ್ಯೋ.

ಹತ್ತನೆಯದು, ಎಷ್ಟ್ಸಲ. ಅದು ಎರಡು ಪದ ಅಂತ ಅವಳಿಗೆ ಗೊತ್ತಿರಲಿಲ್ಲ, ಕೂಡಿಸಿ ಒಂದು ಮಾಡಿದ್ದಳು. ಪಕ್ಕದಲ್ಲಿ ಬರೆದಿದ್ದ ಅರ್ಥ: ಅಮ್ಮನಿಗೆ ಸಿಟ್ಟು ಬಂದಾಗ ಹೇಳುವುದು.

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಕೋಟು ಕೂಡ ಬಿಚ್ಚದೆ ಕುರ್ಚಿ ಎಳೆದು ಕೂತು, ಹೊಸ ಹಾಳೆಯೊಂದನ್ನು ಅವಳ ಮುಂದಿಟ್ಟು, ನಾನೇ ಪದಗಳನ್ನು ಹೇಳಿ ಬರೆಸಿದೆ. ಮಳೆ, ಹೂವು, ಚಂದ್ರ, ಅಕ್ಕ, ನಮಸ್ಕಾರ, ಹಬ್ಬ, ಹಾಡು. ಇನ್ನೂ ಮೂರು ಯಾವುದೋ ನೆನಪಿಲ್ಲ. ಅವಳು ಬರೆಯುತ್ತ ಬರೆಯುತ್ತ ಒಮ್ಮೆ ತಲೆ ಎತ್ತಿ ಇಂಗ್ಲಿಷಿನಲ್ಲಿ ಕೇಳಿದಳು: "ಆದರೆ ನಾವು ಇದನ್ನೆಲ್ಲ ಹೇಳುವುದೇ ಇಲ್ಲವಲ್ಲ?" ನಾನು, "ಬೇಗ ಬರಿ, ಊಟಕ್ಕೆ ಹೊತ್ತಾಯ್ತು" ಅಂದೆ.

ಕನ್ನಡದ ಮರ್ಯಾದೆ ಉಳಿಸಲು ಹೀಗೆ ಮಾಡಿದೆ ಅಂತ ಅವತ್ತು ರಾತ್ರಿ ಅಂದುಕೊಂಡೆ. ಇಡೀ ತರಗತಿಯ ಮುಂದೆ ನಮ್ಮ ಭಾಷೆ ಬರೀ ಗದರಿಕೆಯಾಗಿ ಕಾಣಿಸಬಾರದು ಅಂತ. ಅದರಲ್ಲಿ ಸ್ವಲ್ಪ ನಿಜವೂ ಇತ್ತೇನೋ. ಆದರೆ ನನ್ನ ಎದೆ ಹೊಡೆದುಕೊಂಡದ್ದು ಬೇರೆ ಕಾರಣಕ್ಕೆ. ಆ ಹಾಳೆಯನ್ನು ಓದಲಿದ್ದವರು ಒಬ್ಬ ಟೀಚರ್. ಮಕ್ಕಳು ಬರೆದದ್ದರ ಹಿಂದಿನ ಮನೆಯನ್ನು ಓದುವುದು ಟೀಚರುಗಳಿಗೆ ಬರುತ್ತದೆ. ನನಗೂ ಬರುತ್ತದೆ, ನಾನೂ ಅದೇ ಕೆಲಸದವಳು.

ನಾನು ಸೆಕೆಂಡರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಇಯರ್ ಸೆವೆನ್‌ನಿಂದ ಇಲೆವೆನ್‌ವರೆಗೆ, ಅಂದರೆ ಹನ್ನೊಂದರಿಂದ ಹದಿನಾರು ವರ್ಷದ ಮಕ್ಕಳು. 2010ರಲ್ಲಿ ಗಂಡನ ಕೆಲಸದ ಬೆನ್ನು ಹಿಡಿದು ಬಂದವಳು, ಆಮೇಲೆ ಇಲ್ಲೇ ಪಿಜಿಸಿಇ ಎಂಬ ಶಿಕ್ಷಕ ತರಬೇತಿ ಮಾಡಿಕೊಂಡು ಕೆಲಸಕ್ಕೆ ಸೇರಿದೆ. ಅದಕ್ಕೂ ಮೊದಲು ಹಾಸನದ ಒಂದು ಪಿಯು ಕಾಲೇಜಿನಲ್ಲಿ ನಾಲ್ಕು ವರ್ಷ ಪಾಠ ಮಾಡಿದ್ದೆ. ಹಾಸನದಲ್ಲಿ ನನ್ನ ದನಿ ಕಾರಿಡಾರಿನ ಕೊನೆಯವರೆಗೆ ಕೇಳುತ್ತಿತ್ತು ಅಂತ ಜೊತೆಯವರು ಹೇಳುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಇಲ್ಲಿಯ ಮೊದಲ ವರ್ಷ, ನನ್ನ ಮೆಂಟರ್ ತರಗತಿಯ ಹಿಂದೆ ಕೂತು, ನಾನು ಮಕ್ಕಳನ್ನು ಎಷ್ಟು ಸಲ ಹೊಗಳಿದೆ ಎಂದು ಕಾಗದದ ಮೇಲೆ ಗೀಟು ಹಾಕಿ ಎಣಿಸಿದ್ದರು. ಐವತ್ತು ನಿಮಿಷದ ಪಾಠದಲ್ಲಿ ಎರಡು ಗೀಟು. ಆ ಎರಡು ಗೀಟು ನನಗೆ ನಾಚಿಕೆ ತಂದವು. ಅದಕ್ಕಿಂತ ಹೆಚ್ಚಾಗಿ ಭಯ ತಂದವು. ನನ್ನ ಉಚ್ಚಾರಣೆಯ ಬಗ್ಗೆ ಮಕ್ಕಳು ಪಿಸುಗುಡುತ್ತಿದ್ದ ದಿನಗಳು ಅವು. ತರಬೇತಿಯ ವರ್ಷ ಪಾಸಾಗದಿದ್ದರೆ ಏನು ಮಾಡುವುದು ಎಂಬ ಲೆಕ್ಕ ರಾತ್ರಿಯೆಲ್ಲ ತಲೆಯಲ್ಲಿ ಓಡುತ್ತಿತ್ತು. ಹಾಗಾಗಿ ಕಲಿತೆ. ಹೊಸ ಭಾಷೆಯ ವ್ಯಾಕರಣ ಕಲಿಯುವ ಹಾಗೆ ಮೆಚ್ಚುವುದನ್ನು ಕಲಿತೆ. ತಪ್ಪು ಉತ್ತರಕ್ಕೆ "ನಿಯರ್ಲಿ". ಅರ್ಧ ಉತ್ತರಕ್ಕೆ "ಗುಡ್ ಥಿಂಕಿಂಗ್". ಏನೂ ಹೇಳದೆ ಕೂತವನಿಗೆ "ಟೇಕ್ ಯುವರ್ ಟೈಮ್". ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದ ಹುಡುಗಿಯ ಪಕ್ಕದಲ್ಲಿ ಮಂಡಿಯೂರಿ ಕೂತು, ಅವಳ ಕಣ್ಣಿನ ಮಟ್ಟಕ್ಕೆ ಬಂದು, "ಐದನೇ ಎರಡು ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ ನೋಡೋಣವಾ?" ಎಂದು ಕೇಳುವುದನ್ನು ಕಲಿತೆ. ಕೂಡಿಸಿದ ಮೇಲೆ ಕಡಿಮೆಯಾಗಲು ಹೇಗೆ ಸಾಧ್ಯ ಎಂದು ಅವಳೇ ಹುಬ್ಬು ಗಂಟಿಕ್ಕಿಕೊಂಡು ಕೇಳುವವರೆಗೆ ಕಾಯುವುದನ್ನು ಕಲಿತೆ.

ಈಗ ಅದು ನಟನೆಯಾಗಿ ಉಳಿದಿಲ್ಲ, ಅಷ್ಟಂತೂ ಖಾತ್ರಿ. ಆ ಮಕ್ಕಳನ್ನು ನಾನು ಪ್ರೀತಿಸುತ್ತೇನೆ. ಆದರೆ ಆ ತಾಳ್ಮೆಯ ಬೇರಿನಲ್ಲಿ ಭಯ ಇತ್ತು ಎಂಬುದನ್ನು ಮರೆಯಲು ಆಗುವುದಿಲ್ಲ. ಯಾರಾದರೂ ಬಾಗಿಲು ತೆರೆದು ಒಳಗೆ ಬರಬಹುದು ಎಂಬ ಎಚ್ಚರದಲ್ಲಿ ಬೆಳೆದ ತಾಳ್ಮೆ ಅದು. ಮನೆಯ ಬಾಗಿಲನ್ನು ಯಾರೂ ಹಾಗೆ ತೆರೆಯುವುದಿಲ್ಲ.

2021ರ ಜನವರಿಯಲ್ಲಿ ಶಾಲೆಗಳು ಎರಡನೇ ಸಲ ಮುಚ್ಚಿದವು. ಮಾರ್ಚ್ 8ರವರೆಗೆ ನಾನು ಅಡುಗೆಮನೆಯ ಮೇಜಿನಿಂದಲೇ ಲ್ಯಾಪ್‌ಟಾಪಿನಲ್ಲಿ ಪಾಠ ಮಾಡಿದೆ. ಟೀಚರುಗಳ ಮಕ್ಕಳು ಕೀ ವರ್ಕರ್ ಮಕ್ಕಳು, ಬೇಕಿದ್ದರೆ ಅವರನ್ನು ಶಾಲೆಗೆ ಕಳಿಸಬಹುದಿತ್ತು. ಕೆಲವು ದಿನ ಕಳಿಸಿದೆ, ಸೋಂಕಿನ ಹೆದರಿಕೆಯಿಂದ ಹಲವು ದಿನ ಕಳಿಸಲಿಲ್ಲ. ಅವಳಾಗ ಇಯರ್ ಒನ್. ಮೇಜಿನ ಆ ತುದಿಯಲ್ಲಿ ಬಣ್ಣದ ಪೆನ್ಸಿಲ್ಲು ಹಿಡಿದು ಕೂರಿಸುತ್ತಿದ್ದೆ. ಕಪ್ಪು ಚೌಕಗಳಲ್ಲಿ ಇಪ್ಪತ್ತೆಂಟು ಮಕ್ಕಳ ಹೆಸರು ಮಾತ್ರ ಕಾಣುತ್ತಿದ್ದ ಆ ಪರದೆಗೆ ನಾನು ದಿನವೂ ಎಷ್ಟು ಅಕ್ಕರೆಯಿಂದ ಮಾತಾಡುತ್ತಿದ್ದೆ! ಹಾಗೆ ಮಾತಾಡದಿದ್ದರೆ ಆ ಕಡೆ ಯಾರೂ ಉಳಿಯುವುದಿಲ್ಲ ಅನ್ನಿಸುತ್ತಿತ್ತು. ಮೈಕ್ ಆರಿಸಿದ ಮರುಗಳಿಗೆಯೇ ತಿರುಗಿ ಕನ್ನಡದಲ್ಲಿ ಕೂಗುತ್ತಿದ್ದೆ: ಇನ್ನೂ ಅದೇ ಪುಟದಲ್ಲಿದ್ದೀಯಾ, ಹಾಲು ಯಾಕೆ ಹಾಗೇ ಇದೆ, ಎಷ್ಟು ಸಲ ಹೇಳೋದು.

ಒಂದು ಬೆಳಗ್ಗೆ ಅವಳು ನನ್ನ ತೋಳಿನ ಹತ್ತಿರ ಬಂದು ನಿಂತು ಕೇಳಿದಳು, "ನಾನೂ ನಿನ್ನ ಕ್ಲಾಸಿಗೆ ಬರಬಹುದಾ?"

ನಾನು ನಕ್ಕೆ. ನಿನಗೆ ಇನ್ನೂ ಈ ಗಣಿತ ಅರ್ಥವಾಗಲ್ಲ ಪುಟ್ಟಿ ಅಂದೆ. ಅವಳು ಗಣಿತದ ವಿಷಯ ಕೇಳಿರಲಿಲ್ಲ ಎಂದು ನನಗೆ ಹೊಳೆಯಲು ಎರಡೂವರೆ ವರ್ಷ, ಆ ಪದಗಳ ಪಟ್ಟಿ, ಬೇಕಾಯಿತು. ಅಥವಾ ಅವತ್ತೇ ಹೊಳೆದಿತ್ತೋ ಏನೋ. ನಕ್ಕದ್ದು ಅದಕ್ಕೇ ಇರಬಹುದು.

ಇದೆಲ್ಲ ನಮ್ಮ ಕಡೆ ಸಾಮಾನ್ಯ ಎಂಬ ಮಾತನ್ನು ನಾನು ಬಹಳ ದಿನ ಊರುಗೋಲಿನ ಹಾಗೆ ಬಳಸಿದ್ದೇನೆ. ನಮ್ಮಲ್ಲಿ ಮಕ್ಕಳನ್ನು ಎದುರಿಗೆ ಹೊಗಳಬಾರದು, ದೃಷ್ಟಿಯಾಗುತ್ತದೆ. ಬೈದರೂ ಅದು ಪ್ರೀತಿಯೇ. ನಾನು ಬೆಳೆದದ್ದೂ ಹಾಗೆಯೇ. ಅಪ್ಪ ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದರು, ನಾನು ಅವರ ತರಗತಿಯಲ್ಲೇ ಓದಿದೆ. ಮಗ್ಗಿ ತಪ್ಪಿದರೆ ಮೊದಲ ಏಟು ನನಗೆ. ಮಗಳನ್ನು ಬಿಟ್ಟು ಬೇರೆಯವರ ಮಕ್ಕಳಿಗೆ ಹೊಡೆದರು ಅಂತ ಯಾರೂ ಅನ್ನಬಾರದಲ್ಲ. ಸಂಜೆ ಜಗಲಿಯ ಮೇಲೆ ಅತ್ತಿಂದಿತ್ತ ನಡೆಯುತ್ತ ಇಪ್ಪತ್ತರವರೆಗೆ ಮಗ್ಗಿ ಹೇಳಬೇಕು, ಆಮೇಲೆ ಕಾಲು ಮಗ್ಗಿ, ಅರೆ ಮಗ್ಗಿ. ಒಂದೂ ತಪ್ಪದೆ ಹೇಳಿ ಮುಗಿಸಿದರೆ ಅಪ್ಪ "ಹೂಂ" ಅನ್ನುತ್ತಿದ್ದರು. ಆ ಹೂಂ ನನ್ನ ಬಾಲ್ಯದ ದೊಡ್ಡ ಬಹುಮಾನ.

ಇವತ್ತಿಗೂ ನಾನು ಗುಣಿಸುವುದು ಕನ್ನಡದಲ್ಲಿ. ಇಂಗ್ಲಿಷ್ ಮಕ್ಕಳ ಎದುರು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಒಳಗೊಳಗೆ ಏಳೆಂಟ್ಲ ಐವತ್ತಾರು ಅಂತ ಆಗಿ, ಆಮೇಲೆ ಬಾಯಿಗೆ ಇಂಗ್ಲಿಷ್ ಬರುತ್ತದೆ. ಆ ಕ್ಷಣದ ವಿಳಂಬ ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪ ಹೊಡೆದು ಕೂರಿಸಿದ್ದು ಅಷ್ಟು ಗಟ್ಟಿಯಾಗಿ ಕೂತಿದೆ ಅಂತ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಜೊತೆಗೆ ಇನ್ನೇನು ಕೂತಿತು ಅಂತ ಕೇಳಿಕೊಂಡಿರಲಿಲ್ಲ.

ಒಂದು ಸಲ ಕೈ ಎತ್ತಿದ್ದೇನೆ. ಅವಳಿಗೆ ಏಳು ವರ್ಷವಿದ್ದಾಗ, ಬೆಳಗ್ಗೆ ಏಳೂವರೆಗೆ, ಒಂದೇ ಒಂದು ಶೂ ಸಿಗದೆ. ಬೆನ್ನಿನ ಮೇಲೆ ಬಿತ್ತು. ಅವಳು ಅಳಲಿಲ್ಲ, ಇನ್ನೊಂದು ಶೂ ಹುಡುಕಿದಳು. ಆ ರಾತ್ರಿ ನಾನು ಕಾನೂನು ಹುಡುಕಿ ಓದಿದೆ. ಸ್ಕಾಟ್ಲೆಂಡಿನಲ್ಲಿ 2020ರಿಂದ, ವೇಲ್ಸಿನಲ್ಲಿ 2022ರ ಮಾರ್ಚಿನಿಂದ ತಂದೆತಾಯಿಯೂ ಮಗುವಿನ ಮೇಲೆ ಕೈ ಮಾಡುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ 'ಸಮಂಜಸವಾದ ಶಿಕ್ಷೆ' ಎಂಬ ಒಂದು ಕಿಂಡಿಯನ್ನು ಇನ್ನೂ ಉಳಿಸಿದ್ದಾರೆ. ಓದಿ ನಿಟ್ಟುಸಿರು ಬಿಟ್ಟೆ. ಆ ನಿಟ್ಟುಸಿರು ನೆನಪಾದರೆ ಏಟಿಗಿಂತ ಅದೇ ಹೆಚ್ಚು ಸುಡುತ್ತದೆ. ಮಗುವಿನ ಬೆನ್ನು ಹೇಗಿದೆ ಅಂತ ನೋಡಲು ಮಹಡಿ ಹತ್ತುವ ಮೊದಲು ನಾನು ಫೋನು ಕೈಗೆ ತಗೊಂಡಿದ್ದೆ.

ಪ್ರತಿ ಸೆಪ್ಟೆಂಬರಿನಲ್ಲಿ, ಮಕ್ಕಳು ಬರುವ ಮೊದಲು, ನಾವು ಟೀಚರುಗಳೆಲ್ಲ ಹಾಲಿನಲ್ಲಿ ಕೂತು ಮಕ್ಕಳ ಸುರಕ್ಷತೆಯ ಸರ್ಕಾರಿ ಮಾರ್ಗಸೂಚಿಯನ್ನು ಓದಿ, ಓದಿದ್ದೇವೆ ಅಂತ ಸಹಿ ಮಾಡಬೇಕು. ಅದರಲ್ಲಿ ಭಾವನಾತ್ಮಕ ಹಿಂಸೆ ಅಂದರೇನು ಎಂಬ ಒಂದು ಭಾಗವಿದೆ. ಇನ್ನೊಬ್ಬರ ಅಗತ್ಯ ಪೂರೈಸಿದರೆ ಮಾತ್ರ ನಿನಗೆ ಬೆಲೆ ಅಂತ ಮಗುವಿಗೆ ಅನ್ನಿಸುವ ಹಾಗೆ ಮಾಡುವುದು, ಎಂಬರ್ಥದ ಮಾತು ಅಲ್ಲಿ ಬರುತ್ತದೆ. ಮೊದಮೊದಲು ಅದನ್ನು ನನ್ನ ವಿದ್ಯಾರ್ಥಿಗಳ ಮನೆಗಳ ಬಗ್ಗೆ ಓದುತ್ತಿದ್ದೆ. ಆ ಪಟ್ಟಿಯ ನಂತರದ ವರ್ಷ ಆ ಸಾಲಿನ ಹತ್ತಿರ ಬಂದಾಗ ಪುಟವನ್ನು ಬೇಗ ತಿರುಗಿಸಿದೆ. ಅಷ್ಟು ದೊಡ್ಡ ಹೆಸರನ್ನು ನನ್ನ ಮನೆಗೆ ಅಂಟಿಸಿಕೊಳ್ಳುವುದೂ ಒಂದು ರೀತಿಯ ಉತ್ಪ್ರೇಕ್ಷೆ ಎಂದು ಗೊತ್ತು. ನಾನು ರಾಕ್ಷಸಿಯಲ್ಲ. ಅವಳಿಗೆ ಜ್ವರ ಬಂದರೆ ರಾತ್ರಿಯಿಡೀ ಕೂತಿರುತ್ತೇನೆ, ಅವಳ ತಲೆ ಬಾಚುವಾಗ ಹಾಡು ಗುನುಗುತ್ತೇನೆ. ಆದರೂ ಪಟ್ಟಿಯಲ್ಲಿ ಆ ಹಾಡಿನಿಂದ ಒಂದು ಪದವೂ ಬಂದಿರಲಿಲ್ಲ. ಮಕ್ಕಳು ನೆನಪಿಟ್ಟುಕೊಳ್ಳುವುದನ್ನು ನಾವು ಆರಿಸಿಕೊಡಲು ಆಗುವುದಿಲ್ಲವಲ್ಲ.

ಇನ್ನೊಂದು ವಿಷಯ ಹೇಳಬೇಕು. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ನನಗೇ ಪೂರ್ತಿ ಸ್ಪಷ್ಟವಿಲ್ಲ, ಆದರೆ ಎರಡೂ ಯಾವಾಗಲೂ ಒಟ್ಟಿಗೇ ನೆನಪಾಗುತ್ತವೆ.

ಕೆಲವು ವರ್ಷದ ಹಿಂದೆ ನನ್ನ ಶಾಲೆಗೆ ಕರ್ನಾಟಕದಿಂದ ಒಬ್ಬ ಹುಡುಗ ಬಂದ. ಇಯರ್ ನೈನ್ ಮಧ್ಯದಲ್ಲಿ. ಲೆಸ್ಟರಿನಲ್ಲಿ ಗುಜರಾತಿ ಮಾತಾಡುವ ಮಕ್ಕಳಿಗೆ ಕೊರತೆಯಿಲ್ಲ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಹೊರಹಾಕಿದವರ ಮೊಮ್ಮಕ್ಕಳು, ದಮನ್ ಮತ್ತು ದಿಯುವಿನಿಂದ ಪೋರ್ಚುಗೀಸ್ ಪಾಸ್‌ಪೋರ್ಟಿನಲ್ಲಿ ಬಂದವರ ಮಕ್ಕಳು. ಅವರು ಬೇಕೆಂದರೆ ಗುಜರಾತಿಯನ್ನೇ ಒಂದು ವಿಷಯವಾಗಿ ಜಿಸಿಎಸ್‌ಇ ಪರೀಕ್ಷೆಗೆ ಬರೆಯಬಹುದು. ಕನ್ನಡಕ್ಕೆ ಆ ಪರೀಕ್ಷೆಯೇ ಇಲ್ಲ. ಬೆಲ್‌ಗ್ರೇವ್ ರಸ್ತೆಯ ಸೀರೆ ಅಂಗಡಿಗಳಲ್ಲಿ ನನ್ನನ್ನೂ ಗುಜರಾತಿಯಲ್ಲೇ ಮಾತಾಡಿಸುತ್ತಾರೆ. ಅಂಥ ಊರಿನಲ್ಲಿ, ನನ್ನ ತರಗತಿಯ ಮೂರನೇ ಸಾಲಿನಲ್ಲಿ, ಬೆರಳು ಮಡಚುತ್ತ ತುಟಿಯೊಳಗೇ ಕನ್ನಡ ಮಗ್ಗಿ ಹೇಳಿಕೊಳ್ಳುವ ಹುಡುಗ. ತುಟಿಯ ಚಲನೆಯಲ್ಲೇ ನನಗೆ ಗೊತ್ತಾಯಿತು. ನಾನು ಗೊತ್ತಾದ ಹಾಗೆ ತೋರಿಸಿಕೊಳ್ಳಲಿಲ್ಲ.

ಅವನಿಗೆ ಲೆಕ್ಕ ಬರುತ್ತಿತ್ತು. ಇಂಗ್ಲಿಷಿನಲ್ಲಿ ಕಥೆಯ ಹಾಗೆ ಬರೆದ ಲೆಕ್ಕ ಬರುತ್ತಿರಲಿಲ್ಲ. ಜಿಸಿಎಸ್‌ಇ ಗಣಿತದಲ್ಲಿ ಎರಡು ಮಟ್ಟದ ಪ್ರಶ್ನೆಪತ್ರಿಕೆಗಳಿವೆ. ಹೈಯರ್‌ನಲ್ಲಿ 9ರವರೆಗೆ ಗ್ರೇಡ್ ಸಿಗುತ್ತದೆ, ಫೌಂಡೇಶನ್‌ನಲ್ಲಿ ಏನೇ ಮಾಡಿದರೂ 5ಕ್ಕೆ ನಿಲ್ಲುತ್ತದೆ. 4 ಬಂದರೆ ಪಾಸು. ಯಾರು ಯಾವುದನ್ನು ಬರೆಯಬೇಕು ಎಂಬುದು ಹೆಚ್ಚುಕಡಿಮೆ ಟೀಚರ ಕೈಯಲ್ಲಿರುತ್ತದೆ. ಅವನ ಅಂಕಗಳು ಫೌಂಡೇಶನ್ ಅನ್ನುತ್ತಿದ್ದವು. ನಾನೂ ಹಾಗೆಯೇ ಗುರುತು ಹಾಕಿದೆ.

ಇಯರ್ ಟೆನ್ನಿನ ಪೇರೆಂಟ್ಸ್ ಈವ್ನಿಂಗ್ ದಿನ ಅವನ ತಾಯಿ ಬಂದರು. ಒಬ್ಬೊಬ್ಬರಿಗೆ ಐದು ನಿಮಿಷ. ಹಾಲಿನ ತುಂಬ ಮೇಜುಗಳು, ಪಕ್ಕದ ಮೇಜಿನಲ್ಲಿ ಸಹೋದ್ಯೋಗಿ. ಆಕೆ ಕೂತವರೇ ಮುಖ ಅರಳಿಸಿ, "ಮೇಡಂ, ನೀವು ನಮ್ಮ ಕಡೆಯವರಂತೆ, ಮಗ ಹೇಳ್ದ" ಅಂದರು. ನಾನು ಇಂಗ್ಲಿಷಿನಲ್ಲಿ ಹೌದು ಅಂದೆ. ಹೌದು ಅಂದು, ಇಂಗ್ಲಿಷಿನಲ್ಲೇ ಮುಂದುವರಿದೆ. ಆಕೆಯ ಮುಖ ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಟಿಯರ್, ಗ್ರೇಡ್, ಫೌಂಡೇಶನ್ ಎಂದೆಲ್ಲ ವಿವರಿಸಿದೆ. ಆಕೆ ತಲೆಯಾಡಿಸಿದರು. ಕೊನೆಗೆ ತಡವರಿಸಿಕೊಂಡು ಕನ್ನಡದಲ್ಲೇ, "ಪಾಸಾಗ್ತಾನಲ್ವಾ, ಅಷ್ಟ್ ಸಾಕಲ್ವಾ ಮೇಡಂ?" ಎಂದು ಕೇಳಿದರು. ನಾನು "ಯೆಸ್, ಫೋರ್ ಈಸ್ ಎ ಪಾಸ್" ಅಂದೆ.

ಸುಳ್ಳು ಹೇಳಲಿಲ್ಲ. ಆದರೆ ಕನ್ನಡದಲ್ಲಾಗಿದ್ದರೆ ಅಷ್ಟಕ್ಕೇ ನಿಲ್ಲಿಸಲು ಆಗುತ್ತಿರಲಿಲ್ಲ. "ನೋಡಿ, ಇವನಿಗೆ ಲೆಕ್ಕ ಬರುತ್ತೆ, ಇಂಗ್ಲಿಷ್ ತೊಡಕಾಗ್ತಿದೆ. ಈ ಪೇಪರ್ ಬರೆದರೆ ಮುಂದೆ ಎ ಲೆವೆಲ್‌ನಲ್ಲಿ ಗಣಿತ ತಗೊಳ್ಳೋದು ಕಷ್ಟ, ಇಂಜಿನಿಯರಿಂಗ್ ಅಂತೆಲ್ಲ ಆಸೆ ಇದ್ರೆ ಈಗಲೇ ಯೋಚನೆ ಮಾಡಿ, ನಾನೂ ಸಹಾಯ ಮಾಡ್ತೀನಿ" ಅಂತ ಹೇಳಬೇಕಾಗುತ್ತಿತ್ತು. ಐದು ನಿಮಿಷದಲ್ಲಿ ಹೇಳಬಹುದಾದ ಮಾತೇ. ಅವನಿಗೆ ಕೊನೆಗೆ 5 ಬಂತು. ಆ ಪ್ರಶ್ನೆಪತ್ರಿಕೆಯಲ್ಲಿ ಅದಕ್ಕಿಂತ ಹೆಚ್ಚು ಬರುವಂತಿರಲಿಲ್ಲ. ಆಗಸ್ಟಿನ ಆ ಗುರುವಾರ ಅವನು ಫಲಿತಾಂಶದ ಹಾಳೆ ಹಿಡಿದು ನನ್ನ ಹತ್ತಿರ ಬಂದು, ಥ್ಯಾಂಕ್ಸ್ ಮಿಸ್ ಅಂದ. ನಾನು ವೆಲ್ ಡನ್ ಅಂದೆ, ಮನಸಾರೆ ಅಂದೆ.

ಹೈಯರ್ ಬರೆದಿದ್ದರೆ ಅವನಿಗೆ 6 ಅಥವಾ 7 ಬರುತ್ತಿತ್ತೇ? ಫೇಲಾಗಿ ಮತ್ತೆ ಮತ್ತೆ ಕೂತು ಬರೆಯುವ ಪರಿಸ್ಥಿತಿಯೂ ಬರಬಹುದಿತ್ತು. ನನ್ನ ಗುರುತು ತಪ್ಪು ಅಂತ ಅಂಕಗಳನ್ನಿಟ್ಟುಕೊಂಡು ಯಾರೂ ಸಾಬೀತು ಮಾಡಲಾರರು. ಅದರ ಹಿಂದೆ ನಾನು ಎಷ್ಟು ಸಲ ಅಡಗಿದ್ದೇನೆ. ಆ ತಾಯಿಗೆ ಕನ್ನಡದಲ್ಲಿ ಯಾಕೆ ಉತ್ತರಿಸಲಿಲ್ಲ ಎಂಬುದಕ್ಕೆ ಅಂಕಗಳಲ್ಲಿ ಉತ್ತರವಿಲ್ಲ.

ಬಹಳ ದಿನ ನಾನು ಒಂದು ವಿವರಣೆ ಇಟ್ಟುಕೊಂಡಿದ್ದೆ: ಕನ್ನಡದಲ್ಲಿ ಮೃದುವಾದ ಟೀಚರ್ ಆಗಿರುವುದು ನನಗೆ ಗೊತ್ತಿಲ್ಲ, ಕನ್ನಡದಲ್ಲಿ ನಾನು ಕಂಡ ಮೇಷ್ಟ್ರು ಅಪ್ಪ ಮಾತ್ರ, ಆ ಹಾಲಿನಲ್ಲಿ ಬಾಯಿ ತೆರೆದರೆ ಅಪ್ಪನ ದನಿಯೇ ಬಂದೀತು ಎಂದು ಹೆದರಿದೆ, ಅಂತ. ಕೇಳಲು ಚೆನ್ನಾಗಿದೆ. ಚೆನ್ನಾಗಿದೆ ಎಂಬುದಕ್ಕೇ ಅದರ ಮೇಲೆ ಅನುಮಾನ. ಇದಕ್ಕಿಂತ ಸರಳವಾದ, ಚಿಕ್ಕದಾದ ಕಾರಣವೊಂದಿದೆ. ಪಕ್ಕದ ಮೇಜಿನ ಸಹೋದ್ಯೋಗಿ ನನ್ನನ್ನು ಆ ತಾಯಿಯ ಕಡೆಯವಳಾಗಿ ನೋಡುವುದು ನನಗೆ ಬೇಕಿರಲಿಲ್ಲ. ಎರಡು ಗೀಟುಗಳಿಂದ ಇಲ್ಲಿಯವರೆಗೆ ಹತ್ತಿ ಬಂದ ಇಂಗ್ಲಿಷಿನಿಂದ ಐದು ನಿಮಿಷದ ಮಟ್ಟಿಗೂ ಕೆಳಗಿಳಿಯಲು ನಾನು ಒಪ್ಪಲಿಲ್ಲ. ಎಲ್ಲರ ಮುಂದೆ ಮೃದುವಾಗಿರಲು ಇಂಗ್ಲಿಷ್, ಯಾರೂ ನೋಡದಿದ್ದಾಗ ಕೂಗಲು ಕನ್ನಡ. ಮಗಳ ಪಟ್ಟಿ ಹೇಳಿದ್ದೂ ಅದನ್ನೇ ಅಲ್ಲವೇ.

ಇಷ್ಟರ ನಡುವೆ, ನವೆಂಬರಿನಲ್ಲಿ ಇಲ್ಲಿನ ಕನ್ನಡದವರು ಬಾಡಿಗೆ ಹಾಲೊಂದರಲ್ಲಿ ರಾಜ್ಯೋತ್ಸವ ಮಾಡಿದಾಗ, ಮಗಳು ವೇದಿಕೆಯ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಮಾತಾಡಿದಳು. ನಾನು ಬರೆದುಕೊಟ್ಟದ್ದು, ಬೈದು ಬಾಯಿಪಾಠ ಮಾಡಿಸಿದ್ದು. ಕೆಳಗಿಳಿದು ಬಂದ ಮೇಲೆ ಹಿರಿಯರೊಬ್ಬರು, "ಮನೇಲಿ ಕನ್ನಡ ಉಳಿಸಿದ್ದೀರಮ್ಮ, ದೊಡ್ಡ ಕೆಲಸ" ಅಂದರು. ನಾನು ಕೈ ಮುಗಿದೆ. ಮಗಳು ನನ್ನ ಸೆರಗಿನ ಪಕ್ಕದಲ್ಲೇ ನಿಂತಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ ಗಂಡನೊಂದಿಗೆ ಜಗಳವಾಡಿದೆ: ನೀವು ಅವಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿ ಭಾಷೆ ಕೆಡಿಸ್ತಿದ್ದೀರಿ, ಎಲ್ಲ ಭಾರ ನನ್ನ ಮೇಲೇ. ಅವರು ಏನೂ ಹೇಳಲಿಲ್ಲ. ಅವರು ಇಂಗ್ಲಿಷಿನಲ್ಲಿ ಅವಳೊಂದಿಗೆ ನಗುತ್ತಾರೆ, ಅಷ್ಟೇ. ಆ ನಗುವಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚಿಗೆ ಕನ್ನಡದ ಕಾಳಜಿ ಎಂಬ ಹೆಸರು ಕೊಟ್ಟಿದ್ದೆ.

ಇಯರ್ ಫೋರ್‌ನ ಮಕ್ಕಳಿಗೆ ಜೂನ್‌ನಲ್ಲಿ ಮಗ್ಗಿಯ ಪರೀಕ್ಷೆ ಇರುತ್ತದೆ. 2022ರಿಂದ ಇಂಗ್ಲೆಂಡಿನ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಕಡ್ಡಾಯ. ಕಂಪ್ಯೂಟರಿನ ಮುಂದೆ 25 ಪ್ರಶ್ನೆ, ಹನ್ನೆರಡರ ಮಗ್ಗಿಯವರೆಗೆ, ಒಂದೊಂದಕ್ಕೆ 6 ಸೆಕೆಂಡು. ಇದು ನನ್ನ ಮನೆಯ ವಿದ್ಯೆ ಅಂತ ಉತ್ಸಾಹ ಬಂತು. ಕನ್ನಡದಲ್ಲೇ ಕಲಿಸುತ್ತೇನೆ, ಅಪ್ಪ ನನಗೆ ಕೊಟ್ಟದ್ದನ್ನು ಅವಳಿಗೆ ಕೊಡುತ್ತೇನೆ ಅಂದುಕೊಂಡೆ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಮೊದಲ ವಾರ ಅವಳಿಗೂ ಅದು ಆಟ, ಲಯ ಹಿಡಿದು ಕುಣಿಯುತ್ತ ಹೇಳುತ್ತಿದ್ದಳು. ಏಳಕ್ಕೆ ಬರುವ ಹೊತ್ತಿಗೆ ಕುಣಿತ ನಿಂತಿತ್ತು. ನನ್ನ ಕೈಯಲ್ಲಿ ಅಡುಗೆಮನೆಯ ಟೈಮರ್. ಏಳೆಂಟ್ಲ? ಐವತ್ನಾಲ್ಕು. ಅಲ್ಲ. ಏಳೆಂಟ್ಲ? ಐವತ್ನಾಲ್ಕು. ಶಾಲೆಯಲ್ಲಿ ಇದೇ ತಪ್ಪನ್ನು ದಿನಕ್ಕೆ ಹತ್ತು ಸಲ ಕೇಳುತ್ತೇನೆ, ಹತ್ತು ಸಲವೂ ನಗುತ್ತೇನೆ. ಮನೆಯಲ್ಲಿ ಮೂರನೇ ಸಲಕ್ಕೆ ಬಾಯಿಂದ ಬಂದದ್ದು ಅದೇ: "ಎಷ್ಟ್ ಸಲ..."

ಅವಳು ನನ್ನ ಮುಖ ನೋಡದೆ, ಮೇಜನ್ನು ನೋಡುತ್ತ ಮೆಲ್ಲಗೆ ಹೇಳಿದಳು: "ನಂಬರ್ ಟೆನ್."

ಆ ಪಟ್ಟಿಯನ್ನು ಅವಳು ಮರೆತಿರಲಿಲ್ಲ. ಬದಲಿಸಿದ್ದನ್ನೂ ಮರೆತಿರಲಿಲ್ಲ. ಅವತ್ತು ಟೈಮರ್ ಡ್ರಾಯರಿಗೆ ಹೋಯಿತು, ಹಾಳೆಯ ಪಕ್ಕಕ್ಕೆ.

ಆಮೇಲೆ ಮಗ್ಗಿ ಹೇಳಿಕೊಟ್ಟದ್ದು ಅಪ್ಪ. ಭಾನುವಾರ ಬೆಳಗ್ಗೆ ನಮಗೆ ಹತ್ತು ಗಂಟೆ ಅಂದರೆ ಬೇಸಿಗೆಯಲ್ಲಿ ಅವರಿಗೆ ಮಧ್ಯಾಹ್ನ ಎರಡೂವರೆ, ಊಟ ಮುಗಿಸಿ ಕೂತಿರುತ್ತಾರೆ. ವಾಟ್ಸ್ಯಾಪಿನ ವಿಡಿಯೋದಲ್ಲಿ ಅವರ ಅರ್ಧ ಹಣೆ, ಮೇಲೆ ಫ್ಯಾನು. ನಾನು ಚಪಾತಿ ಹಿಟ್ಟು ನಾದುತ್ತ ಕೇಳಿಸಿಕೊಳ್ಳುತ್ತಿದ್ದೆ. ಅವಳು ಏಳೆಂಟ್ಲ ಐವತ್ನಾಲ್ಕು ಅಂದಳು. ಅಪ್ಪ, "ಹತ್ರ ಬಂದ್ಬಿಟ್ಟೆ ಕಣೆ ಬಂಗಾರ, ಇನ್ನೆರಡೇ ಹೆಜ್ಜೆ, ಹಾಕ್ಬಿಡು" ಅಂದರು. ಅವಳು ಐವತ್ತಾರು ಅಂತ ಕೂಗಿದಳು. "ಭೇಷ್! ನನ್ನ ಚಿನ್ನ!" ಅಂದರು. ಫೋನಿನ ಆ ಕಡೆ ಚಪ್ಪಾಳೆ ಹೊಡೆದರು. ನನ್ನ ಕೈ ಹಿಟ್ಟಿನೊಳಗೇ ನಿಂತುಹೋಯಿತು.

ಅಂದರೆ ಆ ಮಾತುಗಳು ಇದ್ದವು. ಕನ್ನಡದಲ್ಲಿಯೂ ಇದ್ದವು, ಅಪ್ಪನ ಬಾಯಲ್ಲಿಯೂ ಇದ್ದವು. ನಮ್ಮ ಕಡೆ ಹೀಗೆಯೇ ಎಂಬ ನನ್ನ ಊರುಗೋಲು ಅಲ್ಲಿಗೆ ಮುರಿಯಿತು. ಸಂತೋಷವಾಗಬೇಕಿತ್ತು. ಮೊದಲು ಆದದ್ದು ಸಿಟ್ಟು, ಅದೂ ಮಗುವಿನ ಸಿಟ್ಟು: ನನಗೆ ಯಾಕೆ ಕೊಡಲಿಲ್ಲ?

ಮಗಳು ಎದ್ದು ಹೋದ ಮೇಲೆ ಕೇಳಿಯೇಬಿಟ್ಟೆ. ನಗುತ್ತ ಕೇಳಿದೆ, ನೋವಾಗಬಾರದು ಅಂತ. "ನಂಗೆ ಹೀಗೆ ಹೇಳಿಕೊಡ್ಲಿಲ್ಲವಲ್ಲಪ್ಪ ನೀವು?" ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ. ಆಮೇಲೆ, "ಆಗ ನಾನು ಮೇಷ್ಟ್ರಾಗಿದ್ದೆ ಕಣಮ್ಮ" ಅಂದರು. ಅಷ್ಟೇ. ಊರಿನಲ್ಲಿ ಮಳೆ ಬಂತಾ ಅಂತ ನಾನೇ ಮಾತು ಬದಲಿಸಿದೆ.

ಆ ಮಾತನ್ನು ಇಟ್ಟುಕೊಂಡು ಏನು ಮಾಡಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. ಅಪ್ಪ ಮೇಷ್ಟ್ರಾಗಿದ್ದಾಗ ಗಟ್ಟಿಯಾಗಿದ್ದರು, ಬಿಟ್ಟ ಮೇಲೆ ಕರಗಿದರು. ನಾನು ಟೀಚರಾಗಿರುವಷ್ಟು ಹೊತ್ತು ಕರಗಿರುತ್ತೇನೆ, ಬಾಗಿಲು ದಾಟಿ ಮನೆಗೆ ಬಂದರೆ ಗಟ್ಟಿಯಾಗುತ್ತೇನೆ. ನನಗೆ ನಿವೃತ್ತಿಯಾಗುವಷ್ಟರಲ್ಲಿ ಅವಳಿಗೆ ಮೂವತ್ತು ದಾಟಿರುತ್ತದೆ.

ಈಗ ಅವಳು ಇಯರ್ ಸಿಕ್ಸ್. ಮೇ ತಿಂಗಳಲ್ಲಿ ಸ್ಯಾಟ್ಸ್ ಪರೀಕ್ಷೆ. ಹೋದ ವಾರ ಅಂಕಗಣಿತದ ಅಭ್ಯಾಸ ಪತ್ರಿಕೆ ತಂದಿದ್ದಳು. ಅರ್ಧ ಗಂಟೆಯ ಪರೀಕ್ಷೆ, 40ಕ್ಕೆ 36. ನನ್ನ ಕಣ್ಣು ನೇರ ಆ ನಾಲ್ಕರ ಕಡೆಗೆ ಹೋಯಿತು, ಹೋದದ್ದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಪತ್ರಿಕೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಒಂದು ಮಾತು ಆಡಲು ಬಾಯಿ ತೆರೆದೆ. ವೆಲ್ ಡನ್ ಎಂಬುದು ನಾಲಗೆಯ ತುದಿಯಲ್ಲೇ ಇತ್ತು, ಅದನ್ನು ತಡೆದೆ. ಕನ್ನಡದ್ದು ಬರಲು ತಡವಾಯಿತು. ಆರು ಸೆಕೆಂಡು ಮೀರಿರಬೇಕು.

"ಜಾಣೆ" ಅಂದೆ.

ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಅವಳಿಗೋಸ್ಕರ ಹೇಳಿದೆನೋ, ನನ್ನ ಪಟ್ಟಿಗೆ ಒಂದು ಒಳ್ಳೆಯ ಪದ ಸೇರಲಿ ಅಂತ ಹೇಳಿದೆನೋ, ಆಣೆ ಮಾಡಿ ಹೇಳಲಾರೆ.

ಅವಳು ಬ್ಯಾಗಿನ ಜಿಪ್ ಎಳೆಯುತ್ತಿದ್ದವಳು ನಿಂತು ಕೇಳಿದಳು, "ಹಾಗಂದ್ರೇನು?"

ಹೇಳಲು ಹೊರಟೆ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಪದ ಯಾವುದು ಅಂತ ಹುಡುಕುತ್ತಿದ್ದೆ. ಅಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು, ನಾನು ಒಲೆಯ ಕಡೆ ತಿರುಗಿ, "ತಟ್ಟೆ ಹಾಕು, ಬೇಗ" ಅಂದೆ.